ನೊಣದ ಡಬ್ಬಿ, ಬೀಗರ ಬುಟ್ಟಿ

ಈಗ ನಮ್ಮ ಕಡೆ ಯಾವ ಮಾವಿನ ತೋಪಿಗೆ ಹೋದರೂ ಕೊಂಬೆಗಳಲ್ಲಿ ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳು ತೂಗಾಡುತ್ತಿರುತ್ತವೆ. ಮಧುಗಿರಿಯಿಂದ ದೊಡ್ಡೇರಿಗೆ ಹೋಗುವ ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಯಾರೂ ಅವುಗಳನ್ನು ತಿರುಗಿ ನೋಡುವುದಿಲ್ಲ. ನಾನು ಮಾತ್ರ ನೋಡುತ್ತೇನೆ. ನೋಡಿದಾಗಲೆಲ್ಲ ಅಪ್ಪನ ನೆನಪಾಗುತ್ತದೆ, ನೆನಪಿನ ಜೊತೆಗೆ ಸ್ವಲ್ಪ ಸಿಟ್ಟೂ ಬರುತ್ತದೆ. ಸಿಟ್ಟು ಯಾಕೆಂದರೆ, ಆ ಮನುಷ್ಯ ಒಂದು ಹುಳದ ದೆಸೆಯಿಂದ ಹಿರಿಮಗಳ ಮನೆಯ ಹೊಸ್ತಿಲನ್ನು ವರ್ಷಗಟ್ಟಲೆ ತುಳಿಯಲಿಲ್ಲ. ಅಪ್ಪ ಈಗಿಲ್ಲ. ಈ ಕಥೆಯಲ್ಲಿ ಬರುವ ಅಕ್ಕನ ಅತ್ತೆಯೂ ಇಲ್ಲ. ಹಾಗಾಗಿ ಬರೆಯಲು ಯಾರ ಅಂಜಿಕೆಯೂ ಇಲ್ಲ.

ನಮ್ಮದು ದೊಡ್ಡೇರಿ ಹೋಬಳಿಯ ಒಂದು ಹಳ್ಳಿ. ತಾತ ನೆಟ್ಟ ರಸಪುರಿ ಮರಗಳ ತೋಪು, ನಡುನಡುವೆ ಬಾದಾಮಿ, ಬೇಲಿಯ ಉದ್ದಕ್ಕೂ ಉಪ್ಪಿನಕಾಯಿಗೆಂದು ಬಿಟ್ಟ ನಾಟಿ ಮರಗಳು. ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಹುಲ್ಲಿನ ಅಡೆಯಲ್ಲಿ ಹಣ್ಣಾದ ಮೊದಲ ಮಾವನ್ನು ಮಾರುವ ಹಾಗಿಲ್ಲ, ಮನೆಯವರು ತಿನ್ನುವ ಹಾಗೂ ಇಲ್ಲ. ಶಿವನ ಮುಂದೆ ಒಂದು ಹಣ್ಣಿಟ್ಟು, ಉಳಿದದ್ದನ್ನು ಬಿದಿರ ಬುಟ್ಟಿಯಲ್ಲಿ ಜೋಡಿಸಿ, ಮೇಲೆ ಹೊಸ ಟವಲ್ಲು ಹೊದಿಸಿ, ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳ ಮನೆಗೆ ಒಯ್ಯಬೇಕು. ಒಯ್ಯಬೇಕಾದವನು ಮನೆಯ ಯಜಮಾನನೇ. ಆಳಿನ ಕೈಲಿ ಕಳಿಸಿದರೆ ಅದು ಬರೀ ಹಣ್ಣು, ಬುಟ್ಟಿ ಅಲ್ಲ ಎಂದು ಅಪ್ಪ ಹೇಳುತ್ತಿದ್ದ. ಅವನ ಅಕ್ಕತಂಗಿಯರಿಗೆ ಹೀಗೆ ಬುಟ್ಟಿ ಹೊತ್ತು ಹೊತ್ತು ಅವನ ನೆತ್ತಿ ಬೋಳಾಗಿದ್ದು ಎಂದು ಅವ್ವ ಆಡಿಕೊಳ್ಳುತ್ತಿದ್ದಳು.

ಅಕ್ಕನನ್ನು ಶಿರಾದ ಒಂದು ವ್ಯಾಪಾರಸ್ಥರ ಮನೆಗೆ ಕೊಟ್ಟೆವು. ನಮ್ಮವರೇ, ನಮ್ಮ ಹಾಗೇ ಮಾಂಸ ಮುಟ್ಟದ ಶಿವನ ಒಕ್ಕಲು, ಬಟ್ಟೆ ಅಂಗಡಿಯವರು. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅಪ್ಪ ಬುಟ್ಟಿ ಹೊತ್ತು ಹೊರಟಾಗ ಕಿರಿಮಗಳು ನಾನೂ ಜೊತೆಗೆ ಹೋಗಿದ್ದೆ. ಕಾಲೇಜಿಗೆ ರಜೆ, ಅಕ್ಕನನ್ನು ನೋಡುವ ಆಸೆ. ನಾವು ಹೋದ ಹೊತ್ತಿಗೆ ಆ ಮನೆಯ ನಡುಮನೆಯಲ್ಲಿ ನೆಂಟರೂ ನೆರೆಯವರೂ ತುಂಬಿದ್ದರು. ಅಕ್ಕನ ಅತ್ತೆ, ಅಂದರೆ ಅಪ್ಪನ ಬೀಗಿತ್ತಿ, ಒಳ್ಳೆ ಮೈಕಟ್ಟಿನ, ದೊಡ್ಡ ಗಂಟಲಿನ ಹೆಂಗಸು. ಈಳಿಗೆ ಮಣೆ ತಂದು ಎಲ್ಲರ ಎದುರಿಗೇ ಕೂತು ಹಣ್ಣು ಕೊಯ್ಯತೊಡಗಿದರು. ಹಣ್ಣುಗಳ ಮೇಲೆ ಒಂದು ಚುಕ್ಕೆ ಇರಲಿಲ್ಲ. ಮೊದಲನೆಯದನ್ನು ಹೋಳು ಮಾಡಿದರೆ ಒಳಗೆ ಓಟೆಯ ಸುತ್ತ ಕಂದು ಬಣ್ಣದ ಕೊಳೆ, ಅದರೊಳಗೆ ಬಿಳಿ ಹುಳಗಳು. ಈ ಹುಳಕ್ಕೆ ಒಂದು ಕೆಟ್ಟ ಚಾಳಿ ಇದೆ. ಸುಮ್ಮನೆ ತೆವಳುವುದಿಲ್ಲ, ಮೈ ಬಾಗಿಸಿ ಚಂಗನೆ ಹಾರುತ್ತದೆ. ಒಂದು ಹುಳ ಹಾರಿ ಯಾರದೋ ರೇಷ್ಮೆ ಸೀರೆಯ ಮೇಲೆ ಬಿತ್ತು. ಎರಡನೆಯ ಹಣ್ಣೂ ಹಾಗೆಯೇ. ಮೂರನೆಯದೂ.

ಬೀಗಿತ್ತಿ ಕೈ ನಿಲ್ಲಿಸಿ ಸಭೆಯ ಕಡೆ ತಿರುಗಿದರು.

"ನಮ್ ಬೀಗ್ರು ಬಾಡು ಮುಟ್ಟೋರಲ್ಲ ಅಂತ ನಂಬ್ಕೊಂಡಿದ್ವಲ್ರಪ್ಪ. ನೋಡಿ, ಬುಟ್ಟಿ ತುಂಬ ಬಾಡೂಟಾನೇ ಹೊತ್ಕೊಂಡು ಬಂದವ್ರೆ!"

ನಡುಮನೆ ಗೊಳ್ಳೆಂದಿತು. ಬೀಗರು ಬೀಗರನ್ನು ಹಂಗಿಸುವುದು ನಮ್ಮಲ್ಲಿ ಸರ್ವೇಸಾಮಾನ್ಯ, ಅದಕ್ಕೆ ಅಷ್ಟೇ ಖಾರವಾಗಿ ತಿರುಗಿ ಹೇಳಿದರೆ ಮುಗಿಯಿತು. ಅಪ್ಪನಿಗೆ ಬಾಯಿ ಇರಲಿಲ್ಲ ಎಂದಲ್ಲ. ಆದರೆ ಆವತ್ತು ಅವನ ನಾಲಿಗೆ ಏಳಲೇ ಇಲ್ಲ. ಅವನೂ ನಗಲು ನೋಡಿದ, ಅರ್ಧಕ್ಕೇ ನಿಂತಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ವಾಪಸು ಬರುವಾಗ ಅಪ್ಪ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿದ.

"ಒಂದೂ ಹುಳ ಇಲ್ದಿರೋ ಬುಟ್ಟಿ ಹೊತ್ಕೊಂಡೇ ಇನ್ನ ಆ ಮನೆಗೆ ಹೋಗೋದು. ಅಲ್ಲೀಗಂಟ ಆ ಹೊಸ್ಲು ತುಳಿಯಲ್ಲ, ಬುಡು."

ಸಿಟ್ಟಿನ ಮಾತು, ನಾಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆವು. ಇಳಿಯಲಿಲ್ಲ. ಮಾರನೇ ವರ್ಷ ಅಡೆ ಬಿಚ್ಚಿ, ಹಣ್ಣುಗಳನ್ನು ಒಂದೊಂದಾಗಿ ಹೋಳು ಮಾಡಿ ನೋಡಿದ. ಹುಳ ಇತ್ತು. ಬುಟ್ಟಿ ಕಟ್ಟಲಿಲ್ಲ. ಅದರ ಮುಂದಿನ ವರ್ಷ ಅಂಗಡಿಯವನು ಕೊಟ್ಟ ಔಷಧಿಯನ್ನೆಲ್ಲ ಮರಕ್ಕೆ ಹೊಡೆದ. ಹೊರಗಿನ ಇರುವೆ, ಜೇನು ಎಲ್ಲ ಸತ್ತವು, ಸಿಪ್ಪೆಯ ಒಳಗಿದ್ದ ಹುಳ ಆರಾಮಾಗಿತ್ತು. ಅಷ್ಟರಲ್ಲಿ ಅಕ್ಕನಿಗೆ ಮಗನಾಗಿ, ಆ ಮಗುವಿನ ಮೊದಲ ಹುಟ್ಟುಹಬ್ಬ ಬಂತು. ಅವ್ವ, ನಾನು ಹೋದೆವು. ಅಪ್ಪ ಬೆಳ್ಳಿ ಉಡಿದಾರ ಕಳಿಸಿದ, ತಾನು ಬರಲಿಲ್ಲ. ಭಾವ ಅದೇ ಬೀದಿಯಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದರು. ಅಪ್ಪ ಪಾತ್ರೆ, ಬಟ್ಟೆ ಎಲ್ಲ ಹೊಂದಿಸಿ ವ್ಯಾನಿಗೆ ಹಾಕಿಸಿದ, ವ್ಯಾನಿನ ಹಿಂದೆ ಊರಬಾಗಿಲ ತನಕ ನಡೆದು ಬಂದ, ಅಲ್ಲಿಂದ ತಿರುಗಿ ತೋಪಿಗೆ ಹೋದ. ಅಕ್ಕ ಆ ಬೆಳಿಗ್ಗೆಯೆಲ್ಲ ಪೂಜೆಗೆ ಕೂತೇ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದಳು. ಬೀಗಿತ್ತಿಯೇ ಬಂದು, "ಬೀಗ್ರು ಯಾಕಮ್ಮ ಬರ್ಲಿಲ್ಲ?" ಎಂದು ಕೇಳಿದರು. ಅವ್ವ ಜ್ವರ ಅಂದಳು. ಪ್ರತಿ ಸಲವೂ ಜ್ವರ. ಆ ಹೊತ್ತಿಗೆ ಶಿರಾದಲ್ಲಿ ನಮ್ಮಪ್ಪ ದೊಡ್ಡ ರೋಗಿಷ್ಠನೆಂದು ಹೆಸರಾಗಿದ್ದ.

ಅಕ್ಕ ಯುಗಾದಿಗೆ, ಗೌರಿಹಬ್ಬಕ್ಕೆ ತವರಿಗೆ ಬಂದಾಗ ಅಪ್ಪ ಅವಳ ಹಿಂದೆಮುಂದೆ ಸುತ್ತುತ್ತಿದ್ದ. ಹೋಗುವಾಗ ಅವರೆಕಾಯಿ, ಕಡ್ಲೆಕಾಯಿ, ಹುಣಸೆಹಣ್ಣು ಎಂದು ಮೂಟೆ ಕಟ್ಟಿಸುತ್ತಿದ್ದ. ಮನೆಗೆ ಯಾವಾಗ ಬರ್ತೀಯಪ್ಪ ಎಂದು ಕೇಳಿದರೆ ಮಾತ್ರ ಹೆಗಲಿಗೆ ಟವಲ್ಲು ಹಾಕಿಕೊಂಡು ತೋಪಿಗೆ ಎದ್ದುಬಿಡುತ್ತಿದ್ದ. ಅಕ್ಕ ಫೋನು ಮಾಡಿ ನನ್ನ ಮೇಲೆ ರೇಗುತ್ತಿದ್ದಳು. "ಹಣ್ಣು ಯಾರಿಗ್ ಬೇಕೇ? ಅಪ್ಪ ಬಂದ್ರೆ ಸಾಕು ಅಂತ ಹೇಳೇ." ನಾನು ಹೇಳಿದ್ದೆ, ಹತ್ತಾರು ಸಲ ಹೇಳಿದ್ದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಸಿಟ್ಟು ಸುಮ್ಮನೆ ಬಂದದ್ದಲ್ಲ.

ನಾನು ಕೊರಟಗೆರೆಯಲ್ಲಿ ಟೀಚರ್ ಕೆಲಸಕ್ಕೆ ಸೇರಿದ ವರ್ಷ, ಮರಗಳು ಹೂ ಉದುರಿಸಿ ಪೀಚು ಕಟ್ಟುತ್ತಿದ್ದಾಗ, ತೋಟಗಾರಿಕೆ ಇಲಾಖೆಯ ಒಬ್ಬ ಮೇಡಂ ನಮ್ಮೂರಿಗೆ ಬಂದರು. ಅರಳಿಕಟ್ಟೆಯ ಮೇಲೆ ಊರವರನ್ನು ಕೂರಿಸಿ, ಯಾವುದೋ ಎಣ್ಣೆಯಲ್ಲಿ ನೆನೆಸಿದ, ಬೆರಳುದ್ದದ ಪ್ಲೈವುಡ್ ಚೂರೊಂದನ್ನು ಪ್ಯಾಕೆಟ್ಟಿನಿಂದ ತೆಗೆದು, ದಾರ ಕಟ್ಟಿ ಬೇವಿನ ಕೊಂಬೆಗೆ ನೇತುಹಾಕಿದರು. ಲವಂಗವೂ ಅಲ್ಲದ, ತುಳಸಿಯೂ ಅಲ್ಲದ, ಎರಡರ ನಡುವಿನ ಒಂದು ಸಣ್ಣ ಘಮ. ನಾವು ಅದನ್ನು ಸರಿಯಾಗಿ ಮೂಸುವಷ್ಟರಲ್ಲಿ ಎಲ್ಲಿದ್ದವೋ ಏನೋ, ಕಂದು ಮೈಯ, ಸಣ್ಣ ಕಣಜದಂಥ ನೊಣಗಳು ಬಂದು ಆ ಚೂರಿಗೆ ಮುತ್ತಿಕೊಂಡವು. ಮೇಡಂ ಹೇಳಿದ್ದು ಇಷ್ಟು. ಬಂದಿರುವುದೆಲ್ಲ ಗಂಡು ನೊಣ. ಹೆಣ್ಣು ನೊಣ ಹಣ್ಣಾಗುವ ಕಾಯಿಯ ಸಿಪ್ಪೆಗೆ ಸೂಜಿಯಂತೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಅದಕ್ಕೇ ಮೇಲೆ ಏನೂ ಕಾಣದು. ಈ ಚೂರನ್ನಿಟ್ಟ ಡಬ್ಬಿಯೊಳಗೆ ಗಂಡುಗಳು ವಾಸನೆಗೆ ಬಂದು ಬಿದ್ದು ಸತ್ತರೆ ಹೆಣ್ಣು ಇಡುವ ಮೊಟ್ಟೆ ಮರಿಯಾಗುವುದಿಲ್ಲ. ವಾರಕ್ಕೊಮ್ಮೆ ಡಬ್ಬಿ ಬಿಚ್ಚಿ ನೋಡಿದರೆ ತೋಟದಲ್ಲಿ ನೊಣ ಏರುತ್ತಿದೆಯೋ ಇಳಿಯುತ್ತಿದೆಯೋ ಅದೂ ತಿಳಿಯುತ್ತದೆ.

ಅವರು ಹಂಚಿದ ಕಾಗದದಲ್ಲಿ ಇದರ ಹೆಸರು 'ಮೋಹಕ ಬಲೆ' ಎಂದು ಅಚ್ಚಾಗಿತ್ತು. ಅದನ್ನು ಓದಿ ಗಂಡಸರೆಲ್ಲ ಕಿಸಕ್ಕೆಂದರು. ಅವ್ವ ಹೆಂಗಸರ ಸಾಲಿನಿಂದಲೇ, "ನಗ್ತೀರೇನ್ರಯ್ಯ, ನಿಮ್ಮನ್ನೂ ಹಿಂಗೇ ಅಲ್ವಾ ಕಟ್ಟಾಕಿರೋದು" ಅಂದಳು. ಅಪ್ಪ ಒಬ್ಬನೇ ನಗಲಿಲ್ಲ. ಎದ್ದು ನಿಂತು ಕೇಳಿದ.

"ಅಂಗಾದ್ರೆ ಹಣ್ಣಲ್ಲಿ ಹುಳ ಇರಲ್ವಾ ಮೇಡಮ್ಮು?"

"ತುಂಬಾ ಕಮ್ಮಿ ಆಗುತ್ತೆ ಯಜಮಾನ್ರೇ."

"ಕಮ್ಮಿ ಅಲ್ಲಮ್ಮ. ಒಂದೂ ಇರ್ಬಾರ್ದು."

ಮೇಡಂ ಅವನ ಮುಖವನ್ನೇ ನೋಡಿದರು. ಈ ಮನುಷ್ಯನಿಗೆ ಏನೋ ಆಗಿದೆ ಎಂದುಕೊಂಡಿರಬೇಕು.

ಅಪ್ಪ ಡಬ್ಬಿಗಳನ್ನು ತಂದು ನೇತುಹಾಕಿದ ಬಗೆಯನ್ನು ಹೇಳಲೇಬೇಕು. ನಮ್ಮ ಮನೆಗಳಲ್ಲಿ ದೃಷ್ಟಿ ತಾಗದಿರಲಿ ಎಂದು ಬೂದುಗುಂಬಳಕಾಯಿಯನ್ನು ಎಲ್ಲಿ ಕಟ್ಟುತ್ತಾರೆ? ತಲೆಬಾಗಿಲಿಗೆ. ಕೆಟ್ಟದ್ದು ಒಳಗೆ ಬರುವುದು ಬಾಗಿಲಿನಿಂದ, ಅಲ್ಲೇ ತಡೆಯಬೇಕು. ಅಪ್ಪನೂ ತೋಪಿನ ಗೇಟಿನ ಪಕ್ಕದ ಬೇವಿನ ಮರಕ್ಕೆ, ಇದ್ದಬದ್ದ ಡಬ್ಬಿಗಳನ್ನೆಲ್ಲ ಅಲ್ಲಿ ಮೊದಲೇ ತೂಗುತ್ತಿದ್ದ ಕುಂಬಳಕಾಯಿಯ ಅಕ್ಕಪಕ್ಕದಲ್ಲಿ ಸಾಲಾಗಿ ಕಟ್ಟಿದ. ಅವ್ವ ಅವಕ್ಕೂ ಒಂದೊಂದು ಕುಂಕುಮದ ಬೊಟ್ಟಿಟ್ಟಳು. ಶನಿವಾರ ನಾನು ಕೊರಟಗೆರೆಯಿಂದ ಬಂದು ನೋಡಿದಾಗ ನಕ್ಕೆನೇ ಹೊರತು, ತಪ್ಪು ಎಂದು ನನಗೂ ಹೊಳೆಯಲಿಲ್ಲ. ಇಂಗ್ಲಿಷ್ ಟೀಚರಿಗೆ ನೊಣದ ವಿಚಾರ ಏನು ಗೊತ್ತು!

ನೊಣ ಬಿದ್ದವು, ಬೇಕಾದಷ್ಟು ಬಿದ್ದವು. ಅಪ್ಪ ವಾರವಾರವೂ ಡಬ್ಬಿಗಳನ್ನು ಮೊರದ ಮೇಲೆ ಸುರಿದು, ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸಿದ. ಅವನ ಮುಖದಲ್ಲಿ ಅಂಥ ಕಳೆಯನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಬುಟ್ಟಿ ಹೆಣೆಯುವವರ ಹತ್ತಿರ ಹೊಸ ಬುಟ್ಟಿಗೂ ಹೇಳಿದ್ದ. ಅಡೆ ಬಿಚ್ಚಿದ ದಿನ ಗೇಟಿನ ಹತ್ತಿರದ ಮರಗಳ ಹಣ್ಣು ಚೆನ್ನಾಗಿತ್ತು. ಹಿಂದುಗಡೆ ಬೇಲಿಯ ಕಡೆಯದರಲ್ಲಿ ಹುಳ ಮೊದಲಿನಂತೆಯೇ ಇತ್ತು. ಅಪ್ಪ ಹೋಳು ಮಾಡಿದ ಹಣ್ಣುಗಳ ಮಧ್ಯೆ ಕೂತೇ ಇದ್ದ. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ.

ಮೇಡಂ ಬಂದು ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಇದು ಓಡ್ಸೋದಲ್ಲ ಯಜಮಾನ್ರೇ, ಕರಿಯೋದು. ಎಲ್ಲಾನೂ ಬಾಗ್ಲಲ್ಲಿ ಇಟ್ಕೊಂಡು ಕರೆದ್ರೆ ಹಿತ್ಲಲ್ಲಿರೋವಕ್ಕೆ ಹೆಂಗೆ ಗೊತ್ತಾಗುತ್ತೆ? ತೋಪಿನ ತುಂಬ ಹಂಚಿ ಕಟ್ಬೇಕು. ಕೆಳಗೆ ಬಿದ್ದ ಹಣ್ಣನ್ನ ದಿನಾ ಎತ್ತಿ ಗುಂಡೀಲಿ ಮುಚ್ಚಬೇಕು. ಪಕ್ಕದ ತೋಟದಲ್ಲೂ ಡಬ್ಬಿ ಕಟ್ಸಿ." ನಗು ತಡೆದುಕೊಂಡು, ಮರ್ಯಾದೆಯಿಂದಲೇ ಹೇಳಿದರು. ಅಪ್ಪನಿಗೆ ಮತ್ತೊಂದು ವರ್ಷ ಹೋಯಿತಲ್ಲ ಎಂಬುದೇ ದೊಡ್ಡದಾಗಿತ್ತು. ಹೊಸ ಬುಟ್ಟಿಯಲ್ಲಿ ಅವ್ವ ಈರುಳ್ಳಿ ತುಂಬಿದಳು.

ಮುಂದಿನ ಹಂಗಾಮಿಗೆ ತೋಪಿನ ಮೂಲೆಮೂಲೆಗೂ ಡಬ್ಬಿ ಹೋದವು. ಆ ದಿನಗಳನ್ನು ನೆನೆದರೆ ನನಗೆ ಮೊದಲು ಬರುವುದು ಅಪ್ಪನ ಅಂಗಿಯ ವಾಸನೆ. ಪ್ಲೈವುಡ್ ಚೂರು ಬದಲಾಯಿಸಿ ಬದಲಾಯಿಸಿ ಆ ಘಮ ಅವನ ಕೈಗೆ, ಅಂಗಿಗೆ, ಮಜ್ಜಿಗೆ ಲೋಟಕ್ಕೆ ಎಲ್ಲಕ್ಕೂ ಹತ್ತಿತ್ತು. ಅವನು ತೋಪಿನಿಂದ ಮನೆಗೆ ಬಂದರೆ ಹಿಂದೆ ನೊಣಗಳೂ ದಿಬ್ಬಣದವರ ಹಾಗೆ ಬರುತ್ತಿದ್ದವು. ಕಾಲರಿನ ಮೇಲೆ ಕೂತು ಏಳುತ್ತಲೇ ಇರಲಿಲ್ಲ. ಅವ್ವ ಸೀಗೆಪುಡಿ ಹಾಕಿ ಉಜ್ಜಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. "ವಯಸ್ಸಲ್ಲಿ ಒಂದಿನ ಸೆಂಟು ಹಾಕ್ಕೊಳ್ದಿರೋರು, ಈಗ ನೋಡಿ" ಎಂದು ಗೊಣಗುವಳು. ಈಗ ಅಪ್ಪನ ಆ ಅಂಗಿ ಸಿಕ್ಕಿದರೆ ಒಗೆಯದೇ ಇಟ್ಟುಕೊಳ್ಳುತ್ತಿದ್ದೆ. ಆಗ ನಾನೂ ಮೂಗು ಮುಚ್ಚಿಕೊಳ್ಳುತ್ತಿದ್ದೆ.

ಆ ಘಮ ತನಗೆ ಮೊದಲಿನಿಂದ ಗೊತ್ತು ಎಂದು ಅವ್ವ ಸಾಧಿಸುತ್ತಿದ್ದಳು. ನಮ್ಮ ಮನೆಯಲ್ಲಿ ತುಳಸಿಕಟ್ಟೆ ಇರಲಿಲ್ಲ, ಆದರೆ ಬಾವಿಯ ಪಕ್ಕ ಕೆಮ್ಮು ನೆಗಡಿಯ ಕಷಾಯಕ್ಕೆಂದು ಒಂದು ತುಳಸಿ ಪೊದೆ ಬೆಳೆದಿತ್ತು. ಮಾವಿನ ಕಾಲದಲ್ಲಿ ಆ ಪೊದೆಗೂ ಇದೇ ನೊಣಗಳು ಮುತ್ತುತ್ತಿದ್ದವು. ಪೂಜೆಗೆ ಬಂದವು, ಓಡಿಸಬೇಡ ಎಂದು ಅವ್ವ ಚಿಕ್ಕಂದಿನಲ್ಲಿ ನಮ್ಮನ್ನು ಗದರಿಸುತ್ತಿದ್ದದ್ದು ನನಗೂ ನೆನಪಿದೆ. ಮೇಡಮ್ಮನ್ನು ಕೇಳಿದರೆ, ಹೌದು, ತುಳಸಿ ಎಣ್ಣೆಯಲ್ಲೂ ಅದೇ ಅಂಶ ಇದೆ ಅಂದರು. ಅಪ್ಪ ಅದನ್ನು ಕೇಳಿದ್ದೇ ತಡ ಕುಡುಗೋಲು ಹಿಡಿದು ಬಾವಿ ಕಡೆ ನಡೆದ. ಇಷ್ಟು ವರ್ಷ ಮನೆಯಲ್ಲೇ ಶತ್ರುವಿಗೆ ಚಪ್ಪರ ಹಾಕಿದ್ದೇವೆ ಎಂದು ಅವನ ತರ್ಕ. ಅವ್ವ ಪೊದೆಗೆ ಅಡ್ಡ ನಿಂತಳು.

"ಮಗಳ ಮನೆಗೆ ಹೋಗಕ್ಕೆ ನಿಮ್ಗೆ ಅಡ್ಡ ಬಂದಿರೋದು ತುಳಸಿನಾ? ಅದು ನಿಮ್ ತಲೇಲೈತೆ, ಅದನ್ನ ಕುಯ್ಕಳಿ ಮೊದ್ಲು."

ಅಪ್ಪ ಕುಡುಗೋಲು ಕೆಳಗಿಟ್ಟ. ಇಷ್ಟು ವರ್ಷದಲ್ಲಿ ಅವ್ವ ಆ ಮಾತನ್ನು ನೇರವಾಗಿ ಆಡಿದ್ದು ಅದೊಂದೇ ಸಲ. ಅದೇ ಬೇಸಿಗೆಯ ನಡುವೆ ಅಂಗಡಿಗಳಲ್ಲಿ ಪ್ಯಾಕೆಟ್ಟು ಮುಗಿದುಹೋಯಿತು. ಮಧುಗಿರಿಯಲ್ಲಿ ಸ್ಟಾಕಿಲ್ಲ, ಕೊರಟಗೆರೆಯಲ್ಲಿ ನಾನು ಕೇಳಿದರೆ ಅಲ್ಲೂ ಇಲ್ಲ. ಆಗ ಅವ್ವನೇ ತುಳಸಿ ಸೊಪ್ಪನ್ನು ಜಜ್ಜಿ, ಬೆಲ್ಲದ ನೀರು ಬೆರೆಸಿ, ತೆಂಗಿನ ಚಿಪ್ಪುಗಳಿಗೆ ತುಂಬಿಕೊಟ್ಟಳು. ಅಪ್ಪ ಅದಕ್ಕೆ ಎರಡೆರಡು ಹನಿ ಔಷಧಿ ಬಿಟ್ಟು ಮರಮರಕ್ಕೂ ಕಟ್ಟಿದ. ಹೊಸ ಪ್ಯಾಕೆಟ್ಟು ಬರುವ ತನಕ ಆ ಚಿಪ್ಪುಗಳೇ ನೊಣ ಹಿಡಿದವು. ಅವ್ವ ಆಮೇಲೆ ತಿಂಗಳುಗಟ್ಟಲೆ ತಲೆ ಎತ್ತಿಕೊಂಡು ಓಡಾಡಿದಳು.

ಆ ವರ್ಷ ಹುಳ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದು ಪಕ್ಕದ ತೋಟ. ಬೇಲಿಯಾಚೆ ನಿಡುಗಲ್ ಕಡೆಯಿಂದ ಬಂದು ನೆಲೆಸಿದ, ತೆಲುಗು ಮನೆಮಾತಿನ ಒಬ್ಬನ ಸೀಬೆ ತೋಟವಿತ್ತು. ಸೀಬೆಗೂ ಇದೇ ನೊಣ. ಮಾವು ಇಲ್ಲದ ಕಾಲದಲ್ಲೆಲ್ಲ ಅಲ್ಲಿ ಉದುರಿ ಕೊಳೆತ ಹಣ್ಣಲ್ಲಿ ಬೆಳೆದು ಬೇಸಿಗೆಗೆ ನಮ್ಮ ಕಡೆ ಬರುತ್ತಿದ್ದವು. ಡಬ್ಬಿ ಕಟ್ಟಿ ಎಂದು ಅಪ್ಪ ಕೇಳಿದರೆ ಆ ಮನುಷ್ಯ, "ವಾಸ್ನೆ ನೋಡಿ ಸಾಯಕ್ಕೆ ನೊಣಕ್ಕೇನು ಹುಚ್ಚಾ?" ಎಂದು ನಕ್ಕು ಕಳಿಸಿದ್ದ. ನಮ್ಮಪ್ಪ ಎರಡನೇ ಸಲ ಯಾರ ಮುಂದೆಯೂ ಕೈ ಒಡ್ಡುವವನಲ್ಲ. ಕೇಳಲಿಲ್ಲ. ಅದರ ಬದಲು ದಿನವೂ ಬೆಳಿಗ್ಗೆ ಮಂಕರಿ ಹಿಡಿದು ಬೇಲಿ ದಾಟಿ, ಆ ತೋಟದಲ್ಲಿ ಉದುರಿದ ಸೀಬೆಹಣ್ಣನ್ನು ತಾನೇ ಆರಿಸಿ ತಂದು ನಮ್ಮ ಗುಂಡಿಯಲ್ಲಿ ಮುಚ್ಚತೊಡಗಿದ. ಸ್ವಂತ ತೋಪಿನಲ್ಲಿ ಆಳಿಗೆ ಹೇಳುವ ಕೆಲಸವನ್ನು ಇನ್ನೊಬ್ಬರ ನೆಲದಲ್ಲಿ ಬಗ್ಗಿ ಮಾಡುತ್ತಿದ್ದ. ರಜೆಯಲ್ಲಿ ಒಂದು ದಿನ ನಾನು ಬೇಲಿಯ ಈಚೆಯಿಂದ ನೋಡಿದೆ. ಸೊಂಟ ಹಿಡಿದುಕೊಂಡು ಏಳುತ್ತಿದ್ದ, ಮತ್ತೆ ಬಗ್ಗುತ್ತಿದ್ದ. ಆವತ್ತು ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮಗಳ ಮನೆಗೆ ಹೋಗಲು ಈ ಮುದುಕ ತನಗೆ ಗೊತ್ತಿದ್ದ ಒಂದೇ ದಾರಿಯನ್ನು ಹಿಡಿದು ನಡೆಯುತ್ತಿದ್ದಾನೆ ಎನ್ನಿಸಿ ಅಳು ಬಂತು.

ಕೆಲವು ವಾರ ನೋಡಿದ ಮೇಲೆ ಆ ನೆರೆಯವನೇ ಅಡ್ಡ ಬಂದು ನಿಂತ.

"ಮೀಕೆಂದುಕು ಸಾಮೀ ಈ ಪನಿ? ನನ್ ತೋಟದ ಕೊಳ್ತ ಹಣ್ಣು ನೀವ್ಯಾಕೆ ಎತ್ತೀರಿ?"

"ನನ್ ಮಗಳಿಗೆ ಒಂದ್ ಬುಟ್ಟಿ ಹಣ್ಣು ಕೊಡ್ಬೇಕು ಕಣಪ್ಪ" ಅಂದ ಅಪ್ಪ.

ಅವನಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಮಾರನೇ ದಿನದಿಂದ ಅವನೂ ಹೆಂಡತಿಯೂ ಹಣ್ಣು ಆರಿಸತೊಡಗಿದರು. ವಾರದೊಳಗೆ ಸೀಬೆ ಮರಗಳಲ್ಲೂ ಡಬ್ಬಿಗಳು ತೂಗಿದವು.

ಹಾಗೆ ಎರಡು ತೋಟವೂ ಸೇರಿದ ಮೇಲಿನ ಬೇಸಿಗೆಯಲ್ಲಿ ಮೊರದ ಮೇಲೆ ಸುರಿಯುವ ನೊಣ ವಾರದಿಂದ ವಾರಕ್ಕೆ ಇಳಿಯುತ್ತ ಬಂತು. ಒಂದು ಸಲ ಬರೀ ಒಂದು ಹಿಡಿ ಆಯಿತು. ಅಡೆ ಬಿಚ್ಚಿದ ದಿನ ಅಪ್ಪ ಎಲ್ಲ ಕಡೆಯ ಮರಗಳಿಂದ ಒಂದೊಂದು ಹಣ್ಣು ತೆಗೆದು ಕೊಯ್ದ. ಓಟೆಯ ತನಕ ಕೇಸರಿ ಬಣ್ಣ, ಕಲೆ ಇಲ್ಲ, ಕೊಳೆ ಇಲ್ಲ. ಅವನು ಒಂದು ಹೋಳನ್ನೂ ಬಾಯಿಗೆ ಹಾಕಲಿಲ್ಲ. ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, "ಬುಟ್ಟಿ ಎಲ್ಲೈತೆ?" ಅಂದ. ಅವ್ವ ಈರುಳ್ಳಿ ಸುರಿದು ಬುಟ್ಟಿ ಕೊಟ್ಟಳು. ನನ್ನನ್ನು ಜೊತೆಗೆ ಕಳಿಸಿದಳು.

ಶಿರಾದ ಆ ಹೊಸ ಮನೆಯ ಬಾಗಿಲಲ್ಲಿ, ತಾನೆಂದೂ ಕಾಣದ ಹೊಸ್ತಿಲ ಮುಂದೆ ಅಪ್ಪ ಒಂದು ಗಳಿಗೆ ನಿಂತ. ಬೀಗಿತ್ತಿ ಹೊರಗೆ ಬಂದರು. ಮೈ ಇಳಿದಿತ್ತು, ಕೂದಲು ಬೆಳ್ಳಗಾಗಿತ್ತು, ಗಂಟಲು ಮಾತ್ರ ಹಾಗೇ ಇತ್ತು. "ಅಯ್ಯೋ ಬೀಗ್ರು! ಬನ್ನಿ ಬನ್ನಿ, ಜ್ವರ ವಾಸಿಯಾಯ್ತಾ?" ಅಂದರು. ಅಕ್ಕ ಒಳಗಿನಿಂದ ಓಡಿಬಂದು ಅಪ್ಪನ ತೋಳು ಹಿಡಿದುಕೊಂಡಳು. ಅಪ್ಪ ನೀರೂ ಕುಡಿಯದೆ ಬುಟ್ಟಿಯನ್ನು ನಡುಮನೆಯಲ್ಲಿ ಇಳಿಸಿದ.

"ನೀವೇ ನಿಮ್ ಕೈಯಾರೆ ಕುಯ್ಬೇಕು ತಾಯಿ. ಆವತ್ತು ಇದ್ದೋರ್ನೆಲ್ಲ ಕರೀರಿ. ಅವ್ರ ಮುಂದೇನೇ ಕುಯ್ರಿ."

ಬೀಗಿತ್ತಿ ಮೊದಲು ನಕ್ಕರು. ಆಮೇಲೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿದರು. ಯಾವ ಆವತ್ತು ಎಂದು ಕೇಳಲಿಲ್ಲ. ಕಾಂಪೌಂಡಿನ ಆಚೆಯ ನೆರೆಯವರನ್ನು ಕೂಗಿ ಕರೆದರು. ಈಳಿಗೆ ಮಣೆ ಬಂತು. ನಾನು ಅವರ ಪಕ್ಕದಲ್ಲಿ ಕೂತು ಹೋಳುಗಳನ್ನು ತಟ್ಟೆಗೆ ಜೋಡಿಸತೊಡಗಿದೆ. ಒಂದಾದ ಮೇಲೊಂದು ಹಣ್ಣು, ಎಲ್ಲ ಕೇಸರಿ, ಎಲ್ಲ ಶುದ್ಧ. ಮನೆಯ ತುಂಬ ರಸಪುರಿಯ ಘಮ. ಸಾಕು ಬೀಗ್ರೇ, ತಿನ್ನೋರ್ಯಾರು ಎಂದು ಅವರು ಅಂದರೆ ಅಪ್ಪ ಒಪ್ಪಲಿಲ್ಲ. ಪೂರ್ತಿ ಬುಟ್ಟಿ ಕೊಯ್ಯಿಸಿದ. ಜನ ತಿಂದು ತಿಂದು ಕೈ ನೆಕ್ಕುತ್ತಿದ್ದರು.

ಕೊನೆಯದು ಒಂದು ಹಣ್ಣು ಉಳಿದಿತ್ತು. ಅದನ್ನು ಹೋಳು ಮಾಡಿದಾಗ ಓಟೆಯ ಪಕ್ಕದಲ್ಲಿ ಕಂದು ಬಣ್ಣದ ಒಂದು ಗೆರೆ ಕಂಡಿತು. ಅದರೊಳಗಿಂದ ಒಂದು ಬಿಳಿ ಹುಳ ಎದ್ದು ಮೈ ಬಾಗಿಸಿತು. ಬೀಗಿತ್ತಿ ನನ್ನ ಕಡೆ ನೋಡಲಿಲ್ಲ. ಕೈ ಒರೆಸಿಕೊಳ್ಳುವವರಂತೆ ಸೆರಗನ್ನು ಎಳೆದು ಈಳಿಗೆಯ ಮೇಲೆ ಹಾಕಿ, ಹೋಳು, ಓಟೆ, ಹುಳ ಎಲ್ಲವನ್ನೂ ಅದರೊಳಗೆ ಮುದುರಿ ಮಡಿಲಿಗೆ ಹಾಕಿಕೊಂಡರು.

"ಇದು ನಂದು. ಕುಯ್ದೋಳಿಗೆ ಒಂದಾದ್ರೂ ಬ್ಯಾಡ್ವಾ? ಯಾರೂ ಕೈ ಒಡ್ಬ್ಯಾಡಿ" ಎಂದು ದೊಡ್ಡ ಗಂಟಲಿನಲ್ಲಿ ಅಂದರು. ಎಲ್ಲರೂ ನಕ್ಕರು. "ನೋಡ್ಕೊಳ್ರಪ್ಪ, ಬುಟ್ಟೀಲಿ ಒಂದೂ ಹುಳ ಇರ್ಲಿಲ್ಲ. ನಮ್ ಬೀಗ್ರು ಗೆದ್ರು."

ಅಪ್ಪ ತಲೆ ಬಗ್ಗಿಸಿ ಕೈ ಮುಗಿದ. ಅಕ್ಕ ಬಾಗಿಲಿಗೆ ಒರಗಿ ಅಳುತ್ತಿದ್ದಳು.

ನಾನೂ ಹಿಂದೆ ಹೋದೆ. ಹಿತ್ತಿಲಲ್ಲಿ ಬೀಗಿತ್ತಿ ಹಸುವಿನ ಬಾನಿಗೆ ಸೆರಗು ಕೊಡವಿದರು. ಮಡಿ ಸೀರೆ ಹಳದಿಯಾಗಿ ಅಂಟುತ್ತಿತ್ತು. "ನಿಮ್ಮಪ್ಪನ ಹತ್ರ ಹೇಳ್ಗೀಳ್ಬುಟ್ಟೀಯ, ಉಷಾರು" ಅಂದರು. ಸೆರಗಿಗೆ ನೀರು ಹಾಕಿಕೊಳ್ಳುತ್ತ, "ಆವತ್ತು ನಾಕ್ ಜನ ನಗ್ಲಿ ಅಂತ ಅಂದಿದ್ದು ಕಣಮ್ಮ. ಆಮ್ಯಾಕೆ ಅವ್ರು ಬರ್ದೇ ಇದ್ದಾಗ್ಲೇ ನಂಗೆ ಗೊತ್ತಾಯ್ತು. ಕೇಳಕ್ಕೆ ಬಾಯಿ ಬರ್ಲಿಲ್ಲ" ಅಂದರು.

ಸಂಜೆ ಮಧುಗಿರಿ ಬಸ್ಸು ಹತ್ತಿದೆವು. ಅಪ್ಪ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತ. ಊರು ದಾಟಿದ ಮೇಲೆ ನಾನೇ ಮಾತು ತೆಗೆದೆ. "ಒಂದೂ ಹುಳ ಇರ್ಲಿಲ್ವಲ್ಲಪ್ಪ, ಕೊನೇಗೂ" ಅಂದೆ.

"ಇತ್ತು ಕಣಮ್ಮ. ಕೊನೇ ಹಣ್ಣಲ್ಲಿತ್ತು" ಅಂದ ಅಪ್ಪ. "ಎದ್ರುಗೇ ಕೂತಿದ್ನಲ್ಲ, ಕಂಡೆ."

ಅವನು ಕಿಟಕಿಯಿಂದ ಮುಖ ತಿರುಗಿಸದೆ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ.

"ಆಯಮ್ಮ ಸೆರಗಲ್ಲಿ ಮುಚ್ಚಿಟ್ಕೊಂಡಿದ್ದೂ ಕಂಡೆ. ಅಂಥಾ ಮನೆಗೆ ಮಗಳ್ನ ಕೊಟ್ಬುಟ್ಟು, ಹೊರಗೇ ಉಳ್ಕೊಂಬುಟ್ನಲ್ಲಮ್ಮ, ಇಷ್ಟು ವರ್ಷ."